ಜಿಂಕ್‌ಗೂ ಬಣ್ಣ ಹೊಡೆದಿದ್ದೆ

ಎರಡು ವರ್ಷದ ಹಿಂದೆ ಮೊದಲ ಸಲ ನನ್ನ ಹಾಯಿದೋಣಿಯ ತಳಕ್ಕೆ ಬಣ್ಣ ಹೊಡೆದಾಗ, ಪ್ರೊಪೆಲರ್ ತಿರುಗಿಸುವ ಕಂಬಿ (ಶಾಫ್ಟ್) ಮೇಲಿದ್ದ ಜಿಂಕ್ (ಸತು) ಉಂಡೆಗೂ ನೀಟಾಗಿ ನೀಲಿ ಬಳಿದಿದ್ದೆ. ನೋಡೋಕೆ ಚೆಂದ ಇತ್ತು. ಆ ಚೆಂದಕ್ಕೆ ಎಷ್ಟು ತೆರಬೇಕು ಅಂತ ಈ ಸಲ ಮತ್ತೆ ಬಣ್ಣ ಹೊಡೆಯೋಕೆ ದೋಣಿಯನ್ನು ನೀರಿನಿಂದ ಎತ್ತಿಸಿದಾಗ ಗೊತ್ತಾಯಿತು.

ದೋಣಿ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲಮೀಡಾದಲ್ಲಿ. 27 ಅಡಿ ಉದ್ದದ ಹಳೆಯ ಫೈಬರ್‌ಗ್ಲಾಸ್ ದೋಣಿ, ಒಳಗೊಂದು ಸಣ್ಣ ಡೀಸೆಲ್ ಎಂಜಿನ್. ಇಲ್ಲಿ ಹೆಚ್ಚಿನವರು ಆಗಾಗ ಡೈವರ್ ಕರೆಸಿ ನೀರಿನಲ್ಲೇ ತಳ ಉಜ್ಜಿಸುತ್ತಾರೆ. ನಾನು ದುಡ್ಡು ಉಳಿಸೋಣ ಅಂತ ಕರೆಸಿರಲಿಲ್ಲ.

ದೋಣಿ ರಿಪೇರಿ ಮಾಡುವ ಯಾರ್ಡ್‌ನಲ್ಲಿ ದೋಣಿ ಎತ್ತುವುದು ಟ್ರಾವೆಲ್ ಲಿಫ್ಟ್. ನಾಲ್ಕು ಚಕ್ರದ ದೊಡ್ಡ ಚೌಕಟ್ಟು, ಅದರಿಂದ ಇಳಿಬಿಟ್ಟ ಎರಡು ಅಗಲ ಪಟ್ಟಿ. ಪಟ್ಟಿ ಎಲ್ಲಿ ಕೂರಬೇಕು ಅನ್ನುವುದನ್ನು ದೋಣಿಯ ಅಂಚಿಗೆ ಟೇಪ್ ಅಂಟಿಸಿ ಮೊದಲೇ ಗುರುತು ಮಾಡಿಟ್ಟಿದ್ದೆ. ಹಿಂದಿನ ಪಟ್ಟಿ ಶಾಫ್ಟ್ ಮೇಲೆ ಬಿದ್ದರೆ ಶಾಫ್ಟ್ ಬಾಗಿಯೇ ಹೋಗುತ್ತದೆ. ಗಂಗೊಳ್ಳಿಯಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. "ಇಷ್ಟ್ ಸಣ್ಣ ದೋಣಿ ಎತ್ತುಕೆ ಕ್ರೇನ್ ಬೇಕಾ ಮಾರಾಯ?" ಅಂದರು. ಅವರು ಕಂಡಿದ್ದು ಮಳೆಗಾಲಕ್ಕೆ ಹತ್ತಾರು ಜನ ಸೇರಿ ದೋಣಿಯನ್ನು ದಡಕ್ಕೆ ಎಳೆಯುವುದು. ಕೆಳಗೆ ಕೀಲ್ ಅನ್ನೋ ಸೀಸದ ರೆಕ್ಕೆ ನಾಲ್ಕು ಅಡಿ ಇಳಿದಿದೆ, ಎಳೆಯೋಕಾಗಲ್ಲ ಅಂತ ವಿವರಿಸಬೇಕಾಯಿತು.

ನೀರಿನಿಂದ ಮೇಲೆ ಬಂದ ತಳ ನೋಡಿ ನನಗೇ ನಾಚಿಕೆ ಆಯಿತು. ಬೆರಳು ದಪ್ಪದ ಹಸಿರು ಲೋಳೆ. ಕೀಲ್‌ನ ಅಡಿಯಲ್ಲಿ ಗೊಂಚಲು ಗೊಂಚಲು ಚಿಪ್ಪು. ಯಾರ್ಡ್‌ನವರು ಜೋರು ನೀರು ಹೊಡೆದು ತೊಳೆದರು. ಇದನ್ನು ಆಗಲೇ ಮಾಡಿಸಬೇಕು. ಒಣಗಲು ಬಿಟ್ಟರೆ ಬಾರ್ನಕಲ್ ಅನ್ನೋ ಈ ಚಿಪ್ಪುಜೀವಿಗಳು ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತವೆ. ಉಳಿದವನ್ನು ಹೆರೆಯುವ ಪ್ಲಾಸ್ಟಿಕ್ ಪಟ್ಟಿಯಿಂದ ನಾನೇ ಕೆರೆದೆ. ಬಾರ್ನಕಲ್ ಹೋದರೂ ಅದರ ಬುಡದ ಬಿಳಿ ಬಿಲ್ಲೆ ಹಾಗೇ ಉಳಿಯುತ್ತದೆ. ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಅಲ್ಲಿಂದಲೇ ಏಳುತ್ತದೆ.

ಆಮೇಲೆ ಪ್ರೊಪೆಲರ್ ನೋಡಿದೆ. ಕಂಚು ಹಳದಿ ಹೊಳೆಯಬೇಕು. ಇದು ತಾಮ್ರದ ಚೊಂಬಿನ ಹಾಗೆ ಗುಲಾಬಿ ಆಗಿತ್ತು. ಪಕ್ಕದಲ್ಲಿ ನನ್ನ ನೀಲಿ ಜಿಂಕ್ ಮಾತ್ರ ಅಂಗಡಿಯಿಂದ ತಂದ ದಿನ ಇದ್ದ ಹಾಗೇ ದುಂಡಗೆ ಕೂತಿತ್ತು. ಪಕ್ಕದ ದೋಣಿ ಉಜ್ಜುತ್ತಿದ್ದ ಹಿರಿಯರೊಬ್ಬರು ಬಂದು ಸುತ್ತಿಗೆಯ ಹಿಡಿಯಿಂದ ಪ್ರೊಪೆಲರ್ ರೆಕ್ಕೆಗೆ ಮೆಲ್ಲಗೆ ಬಡಿದರು. ಟಣ್ ಅನ್ನಬೇಕಿತ್ತು, ಟಪ್ ಅಂದಿತು. "ಜಿಂಕ್ ಇರೋದೇ ಕರಗೋಕೆ. ನೀನು ಅದಕ್ಕೆ ರೇನ್‌ಕೋಟ್ ಹಾಕಿದ್ದೀಯ" ಅಂತ ನಕ್ಕರು. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದು ಸವೆಯಲೇಬೇಕು. ಜಿಂಕ್ ಉಂಡೆ ತಾನು ಸವೆದು ಉಳಿದದ್ದನ್ನು ಕಾಯುತ್ತದೆ. ಬಣ್ಣ ಮುಚ್ಚಿದ್ದರಿಂದ ಅದು ಕೆಲಸ ಮಾಡಲಿಲ್ಲ, ಪ್ರೊಪೆಲರ್ ಕಂಚಿನಲ್ಲಿ ಬೆರೆತಿದ್ದ ಸತು ಕರಗಿಹೋಯಿತು. ಹೊಸ ಪ್ರೊಪೆಲರ್ ತರಬೇಕಾಯಿತು. ಡೈವರ್‌ಗೆ ಕೊಡದೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಕೀಲ್ ಮತ್ತು ತಳ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಬೋಲ್ಟ್ ಬಿಗಿ ಇದೆಯಾ ಅಂತ ಒಳಗಿನಿಂದ ಪರೀಕ್ಷಿಸಿ, ಬಿರುಕು ಕೆರೆದು, ಎಪಾಕ್ಸಿ ಅಂಟು ತುಂಬಿದೆ. ಒಂದು ದಿನ ಅದಕ್ಕೇ ಹೋಯಿತು.

ಉಜ್ಜುವ ಕೆಲಸ ಬೇಸರದ್ದು. 80 ನಂಬರ್ ಸ್ಯಾಂಡ್‌ಪೇಪರ್, ವ್ಯಾಕ್ಯೂಮ್ ಕಟ್ಟಿದ ಸ್ಯಾಂಡರ್, ನೆಲಕ್ಕೆ ಟಾರ್ಪಾಲ್. ತಳದ ಬಣ್ಣದಲ್ಲಿ ಚಿಪ್ಪು ತಡೆಯೋಕೆ ತಾಮ್ರ ಬೆರೆಸಿರುತ್ತಾರೆ. ಆ ತಾಮ್ರದ ಧೂಳು ನೆಲಕ್ಕೂ ನೀರಿಗೂ ಹೋಗಬಾರದು ಅಂತ ಯಾರ್ಡ್‌ನಲ್ಲಿ ಕಟ್ಟುನಿಟ್ಟು. ಶ್ವಾಸಕೋಶಕ್ಕೂ ಹೋಗಬಾರದು, ಹಾಗಾಗಿ ಬಟ್ಟೆ ಮಾಸ್ಕ್ ಸಾಲದು, ಫಿಲ್ಟರ್ ಇರುವ ರೆಸ್ಪಿರೇಟರ್ ಹಾಕಿಕೊಂಡೆ. ಆದರೂ ಸಂಜೆ ಸ್ನಾನ ಮಾಡಿದಾಗ ನೀರು ನೀಲಿ.

ಬಣ್ಣಕ್ಕೆ ನನ್ನ ಲೆಕ್ಕ ಇದು: ಉದ್ದ, ಅಗಲ ಗುಣಿಸಿ, ಅದನ್ನು 0.85ರಿಂದ ಗುಣಿಸಿದರೆ ತಳದ ಅಂದಾಜು ವಿಸ್ತಾರ. ನನ್ನದು 200 ಚದರ ಅಡಿ. ಒಂದು ಗ್ಯಾಲನ್ ಸುಮಾರು 400 ಚದರ ಅಡಿಗೆ ಬರುತ್ತದೆ, ಅಂದರೆ ಎರಡು ಕೋಟ್‌ಗೆ ಸರಿ. ನೀರಿನ ಗೆರೆ, ಕೀಲ್‌ನ ಮುಂದಿನ ಅಂಚು, ಚುಕ್ಕಾಣಿಯ ಮುಂದಿನ ಅಂಚು ಬೇಗ ಸವೆಯುತ್ತವೆ, ಅಲ್ಲಿಗೆ ಮೂರನೇ ಕೋಟ್. ಅದಕ್ಕೆ ಇನ್ನೊಂದು ಸಣ್ಣ ಡಬ್ಬ. ತಾಮ್ರ ಡಬ್ಬದ ತಳಕ್ಕೆ ಕೂತಿರುತ್ತದೆ. ಹತ್ತು ನಿಮಿಷ ಕಲಕಿದರೂ ಕೋಲಿನ ತುದಿಗೆ ಕೆಸರು ಹತ್ತುತ್ತಲೇ ಇತ್ತು. ಇನ್ನೂ ಕಲಕಿ. ಮೇಲಿನ ತೆಳು ಬಣ್ಣವನ್ನಷ್ಟೇ ಬಳಿದರೆ ಸುಮ್ನೆ ನೀಲಿ ಆಗುತ್ತದೆ, ಚಿಪ್ಪು ತಡೆಯೋದಿಲ್ಲ.

ಬಳಿಯುವುದು ಎರಡು ಗಂಟೆ ಕೆಲಸ ಅಷ್ಟೇ. ಈ ಸಲ ಜಿಂಕ್‌ಗೆ, ಆಳ ಅಳೆಯುವ ಸೆನ್ಸರ್‌ಗೆ ಮೊದಲೇ ಟೇಪ್ ಸುತ್ತಿದ್ದೆ. ದೋಣಿ ಆತುಕೊಂಡ ಸ್ಟ್ಯಾಂಡ್‌ಗಳ ಜಾಗ ಉಳಿಯುತ್ತದಲ್ವಾ, ಅವನ್ನು ಸರಿಸಲು ಯಾರ್ಡ್‌ನವರನ್ನೇ ಕರೆದೆ. ಅದನ್ನು ನಾವೇ ಮುಟ್ಟಬಾರದು, ದೋಣಿ ಉರುಳುತ್ತದೆ.

ನೀರಿಗಿಳಿಸಿದ ಮೇಲೆ ಪಟ್ಟಿ ಬಿಚ್ಚುವ ಮೊದಲು ಒಳಗಿಳಿದು ಟಾರ್ಚ್ ಹಾಕಿ ನೋಡಿದೆ. ಶಾಫ್ಟ್ ಒಳಬರುವ ಕಡೆ ನಿಧಾನಕ್ಕೆ ಹನಿ ಹನಿ, ಅಷ್ಟು ಇರಬೇಕು. ತಳದ ತೂತುಗಳಿಗೆ ಹಾಕಿದ ವಾಲ್ವ್‌ಗಳೆಲ್ಲ ಒಣ. ಕೈ ಬೀಸಿದೆ, ಪಟ್ಟಿ ಸಡಿಲಿಸಿದರು. ಮೊದಲು ನಾಲ್ಕು ನಾಟ್ ವೇಗ ದಾಟಲು ಒದ್ದಾಡುತ್ತಿದ್ದ ದೋಣಿ, ಅಷ್ಟೇ ಎಂಜಿನ್ ವೇಗಕ್ಕೆ ಐದೂವರೆ ತೋರಿಸಿತು.

ಈಗ ಡೈವರ್ ಬರುತ್ತಾನೆ. ಕಳೆದ ವಾರ ಫೋಟೋ ಕಳಿಸಿದ್ದ: ಪ್ರೊಪೆಲರ್ ಹಳದಿ, ಜಿಂಕ್ ಹುಳ ತಿಂದ ಗೆಡ್ಡೆಯ ಹಾಗೆ ಅರ್ಧ ಸವೆದಿದೆ.