ಸಮಾಲೋಚನಾ ಸಭೆಗೆ ಒಂದೇ ಪ್ರಬಂಧದ ಜೆರಾಕ್ಸ್

ಕನ್ನಡ ಮೇಷ್ಟ್ರುಗಳೇ, ಟೀಚರ್‌ಗಳೇ, ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಒಂದು ಮಗುವಿನ ಪ್ರಬಂಧವನ್ನು ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ಎಲ್ಲರೂ ಮಾತಾಡದೆ ತಿದ್ದಿ, 10ಕ್ಕೆ ಅಂಕ ಹಾಕಿ, ಆಮೇಲೆ ಒಟ್ಟಿಗೆ ತೋರಿಸಲಿ. ‘ಹಾಲು’ ಹೋಗಿ ‘ಆಲು’ ಆಗಿದ್ದಕ್ಕೆ ಒಬ್ಬರು ಅಂಕ ಕಳೆದಿರುತ್ತಾರೆ. ಇನ್ನೊಬ್ಬರು ಅದನ್ನು ಬಿಟ್ಟು, ‘ಮಳೆ ಬಂದ್ರೆ ನಮ್ಮ ಅಂಗಳವೇ ಕೆರೆ’ ಅನ್ನೋ ಸಾಲಿಗೆ ಜಾಸ್ತಿ ಕೊಟ್ಟಿರುತ್ತಾರೆ. ಬರವಣಿಗೆಯಲ್ಲಿ ನಾವು ಏನು ಹುಡುಕುತ್ತೇವೆ ಅನ್ನೋದು ಈ ವ್ಯತ್ಯಾಸದಲ್ಲೇ ಗೊತ್ತಾಗುತ್ತದೆ, ಭಾಷಣದಲ್ಲಿ ಅಲ್ಲ, ಅಲ್ವಾ? ಹಿರಿಯರೊಬ್ಬರು ಮೊದಲೇ ಅಂಕ ಹೇಳಿಬಿಟ್ಟರೆ ಮಾತ್ರ ಕೆಟ್ಟಿತು. ಉಳಿದವರು ಸುಮ್ನೆ ಅದರ ಅಕ್ಕಪಕ್ಕಕ್ಕೇ ಬರುತ್ತಾರೆ. ಗೈಡ್ ನೋಡಿ ಬಾಯಿಪಾಠ ಮಾಡಿದ ಪ್ರಬಂಧ ಬೇಡ, ಅದರಲ್ಲಿ ಚರ್ಚೆಗೆ ಏನೂ ಸಿಗುವುದಿಲ್ಲ.