ಅಪ್‌ಲೋಡ್ ಸ್ಪೀಡ್ ಕಮ್ಮಿ ಮಾಡಿ ಮದುವೆ ವಿಡಿಯೋ ಬೇಗ ಕಳ್ಸಿದ್ದು: ನನ್ನ ಅನುಭವ

ಚಿಂತಾಮಣಿಲಿ ನಂದು ಮದುವೆ ವಿಡಿಯೋ ಕೆಲ್ಸ. ಆರತಕ್ಷತೆ, ಮುಹೂರ್ತ ಎಲ್ಲಾ ಸೇರಿ ಒಂದ್ ಮದುವೆಗೆ ಹತ್ರತ್ರ 60 ಜಿಬಿ, ಎಡಿಟಿಂಗ್ ಹುಡ್ಗ ಇರೋದು ಬೆಂಗ್ಳೂರಲ್ಲಿ. ಮೊದ್ಲು ಹಾರ್ಡ್ ಡಿಸ್ಕ್‌ನ ಬಸ್ಸಲ್ಲಿ ಕಳ್ಸಿ ಟಿನ್ ಫ್ಯಾಕ್ಟರಿ ಹತ್ರ ಇಸ್ಕೋ ಅಂತಿದ್ದೆ. ಮೂರು ಗಂಟೆ ದಾರಿ, ಲೆಕ್ಕ ಹಾಕಿದ್ರೆ ಬಸ್ಸಿನ ಅಪ್‌ಲೋಡ್ ಸ್ಪೀಡು 44 ಎಂಬಿಪಿಎಸ್ (ಸೆಕೆಂಡಿಗೆ 44 ಮೆಗಾಬಿಟ್), ನಗ್ಬೇಡಿ, ಆವಾಗ ನಂಗೆ ಅದಕ್ಕಿಂತ ಫಾಸ್ಟ್ ಯಾವ್ದೂ ಸಿಗ್ತಿರ್ಲಿಲ್ಲ. ಒಂದ್ಸಲ ಡಿಸ್ಕ್ ಬಿದ್ದು ಸತ್ತೋಯ್ತು, ರಿಕವರಿಗೆ 9 ಸಾವ್ರ ಹೋಯ್ತು, ಹುಡುಗಿ ಕಡೆಯವರ ಹತ್ರ ಬೈಸ್ಕೊಂಡಿದ್ದು ಬೇರೆ.

ಮನೇಲಿ ಹಳೇ ತಾಮ್ರದ ಫೋನ್ ಲೈನಲ್ಲಿ ಬರೋ ಇಂಟರ್ನೆಟ್ ಇತ್ತು, ಡೌನ್‌ಲೋಡ್ 8, ಅಪ್‌ಲೋಡ್ 0.8. 60 ಜಿಬಿಗೆ ಏಳು ದಿನ! ಲೈನ್‌ಮ್ಯಾನ್ ಮೂರು ಸಲ ಜಾಯಿಂಟ್ ಬದಲಾಯಿಸ್ದ, ನಾನು ಸ್ಪ್ಲಿಟರ್ ಬದಲಾಯಿಸ್ದೆ, ಎಲ್ಲಾ ದಂಡ. ಈ ಲೈನಿನ ಎಡಿಎಸ್‌ಎಲ್2+ ಟೆಕ್ನಾಲಜೀಲಿ ಅಪ್‌ಲೋಡಿಗೆ ಬಿಟ್ಟಿರೋದೇ 26ರಿಂದ 138 ಕಿಲೋಹರ್ಟ್ಸ್, ಅದ್ರಿಂದಾಚೆ 2.2 ಮೆಗಾಹರ್ಟ್ಸ್ ತನಕ ಪೂರ್ತಿ ಡೌನ್‌ಲೋಡ್ ಪಾಲು, ಜಾಯಿಂಟ್ ಏನ್ ಮಾಡತ್ತೆ ಪಾಪ.

ಆಮೇಲೆ 4ಜಿ ಡಾಂಗಲ್, 2200 ಕೊಟ್ಟೆ. ಟವರ್ ಟೆರೇಸಿಂದ ಕಾಣತ್ತೆ, ಡೌನ್‌ಲೋಡ್ 60 ಬಂತು, ಅಪ್‌ಲೋಡ್ ಮೂರೇ. ಯಾಗಿ ಆಂಟೆನಾ, ವೈರು ಅಂತ ಇನ್ನೊಂದು 2400 ಸುರಿದೆ, ಏನೂ ಫರಕ್ ಇಲ್ಲ. ಯಾಕಂದ್ರೆ ಅದು ಹಿಡೀತಿದ್ದ 2300 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಎರಡೂ ಕಡೆಗೆ ಒಂದೇ ಫ್ರೀಕ್ವೆನ್ಸಿ, ಹೊತ್ತು ಹಂಚ್ಕೊಂಡು ಓಡ್ಬೇಕು, ಜಾಸ್ತಿ ಹೊತ್ತೆಲ್ಲಾ ಡೌನ್‌ಲೋಡಿಗೇ. ಡಾಂಗಲ್‌ನ 1800ರ ಬ್ಯಾಂಡ್‌ಗೆ ಲಾಕ್ ಮಾಡ್ದೆ, ಅಲ್ಲಿ ಅಪ್‌ಲೋಡಿಗೆ ಬೇರೆ ದಾರಿನೇ ಇದೆ. ಡೌನ್‌ಲೋಡ್ 20ಕ್ಕೆ ಬಿತ್ತು, ಅಪ್‌ಲೋಡ್ 12 ಆಯ್ತು! ಹೆಂಗ್ ಲಾಕ್ ಮಾಡ್ದೆ ಅಂತ ಇಲ್ಲಿ ಹೇಳಲ್ಲ, ನಾನು ಎರಡು ವಾರ ಒದ್ದಾಡಿದೀನಿ, ನೀವೂ ಒದ್ದಾಡಿ. ಆದ್ರೆ ದಿನದ ಡೇಟಾ ಅರ್ಧ ಗಂಟೇಲಿ ಖಾಲಿ, ಡಾಂಗಲ್ ಈಗ ಡ್ರಾಯರಲ್ಲಿದೆ.

ಕೊನೆಗೆ ಫೈಬರ್ ಬಂತು, 100 ಕೆಳಗೆ, 50 ಮೇಲೆ. ಫೈಬರ್ ಅಂದ್ರೂ ಸಮ ಅಲ್ಲ ಸ್ವಾಮಿ, ಮನೆಗಳಿಗೆ ಫೈಬರ್ ಹಂಚೋ ಜಿಪಾನ್ ಟೆಕ್ನಾಲಜೀಲಿ ಕೆಳಗೆ 2.5 ಗಿಗಾಬಿಟ್, ಮೇಲೆ 1.25, ಅದನ್ನೇ 32 ಮನೆನೋ 64 ಮನೆನೋ ಸರದಿ ಮೇಲೆ ಹಂಚ್ಕೋಬೇಕು. ಇರ್ಲಿ, 50 ಸಾಕಿತ್ತು. ಆದ್ರೂ ರಾತ್ರಿ ಹಾಕಿದ್ ಅಪ್‌ಲೋಡ್ 70-80 ಪರ್ಸೆಂಟಿಗೆ ಸಾಯೋದು. ಕಂಪನಿಯವರಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಒಂದಿನ ಎದ್ದು ಕೂತು ಕಾದೆ, ಕಳ್ಳ ಸಿಕ್ದ: ನಮ್ಮಪ್ಪ! ಮೊಬೈಲಲ್ಲಿ ಸೀರಿಯಲ್ ನಿಂತ್ರೆ ರೌಟರ್ ಸ್ವಿಚ್ ಆಫ್ ಮಾಡಿ ಆನ್ ಮಾಡ್ತಿದ್ರು.

ಅಪ್ಪಂದೂ ತಪ್ಪಲ್ಲ. ಸೀರಿಯಲ್ ಇಳೀತಿದ್ರೂ "ಬಂತು ಬಂತು" ಅಂತ ಚಿಕ್ಕ ಚಿಕ್ಕ ಉತ್ತರ ಮೇಲಕ್ಕೆ ಹೋಗ್ಲೇಬೇಕು, ಅವು ನನ್ನ 60 ಜಿಬಿ ಹಿಂದೆ ಕ್ಯೂ ನಿಲ್ತಿದ್ವು. ಪಿಂಗ್, ಅಂದ್ರೆ ಹೋಗಿ ಬರೋ ಹೊತ್ತು, 8 ಮಿಲಿಸೆಕೆಂಡ್ ಇದ್ದಿದ್ದು 600 ದಾಟೋದು. ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಬೇರೆ ಸಾಫ್ಟ್‌ವೇರ್ ಹಾಕಿ, ಅದ್ರಲ್ಲಿ ಕ್ಯೂ ನೋಡ್ಕೊಳ್ಳೋ ಕೇಕ್ ಆನ್ ಮಾಡಿ, ಅಪ್‌ಲೋಡ್‌ನ 42ಕ್ಕೆ ಕಟ್ ಹಾಕ್ದೆ. ಲೈನ್ ಪೂರ್ತಿ ತುಂಬ್ದೇ ಇದ್ರೆ ಕ್ಯೂ ನನ್ನ ರೌಟರಲ್ಲೇ ನಿಲ್ಲತ್ತೆ, ಕೇಕ್ ಆ ಚಿಕ್ಕ ಉತ್ತರಗಳನ್ನ ಕಾಯಿಸ್ದೇ ಬಿಡತ್ತೆ. ಫೈಬರ್ ಹುಡುಗ ನಕ್ಕ, "50 ಕೊಟ್ರೆ 42 ಮಾಡ್ಕೊತೀರಲ್ಲ ಅಣ್ಣ". ಇದಕ್ಕೆ ತಂದ ಮೊದ್ಲ ಸೆಕೆಂಡ್ ಹ್ಯಾಂಡ್ ರೌಟರ್, 1800 ರೂಪಾಯಿದು, ಕೇಕ್ ಹಾಕಿದ್ ತಕ್ಷಣ 55ಕ್ಕೆ ಉಸಿರು ಕಟ್ತು, ಆಮೇಲೆ ಅದ್ರ ಸಾಫ್ಟ್‌ವೇರ್ ಹಾಕೋವಾಗ ಕರೆಂಟ್ ಹೋಗಿ ಸತ್ತು ಇಟ್ಟಿಗೆ ಆಯ್ತು. ಎರಡನೇದು 3200, ಅದು ಜಗ್ಗಲ್ಲ. ರಿಕವರಿನೂ ಸೇರಿ ಒಟ್ಟು 18-19 ಸಾವ್ರ ಹೋಗಿರ್ಬೇಕು, ಹೆಂಡ್ತಿಗೆ ಹೇಳಿರೋದು ಹತ್ತು.

ಹೋದ್ ತಿಂಗ್ಳು ಕೈವಾರದ ಮದುವೆ, ರಾತ್ರಿ ಹನ್ನೊಂದಕ್ಕೆ ಹಾಕ್ದೆ, ಎರಡೂಕಾಲಿಗೆ ಪೂರ್ತಿ ಹೋಗಿತ್ತು, ಅಪ್ಪನ ಸೀರಿಯಲ್ಲೂ ನಿಲ್ಲಿಲ್ಲ. ಒಂದ್ಸಲಕ್ಕೆ ಎಷ್ಟು ಫೈಲ್ ಬಿಡ್ತೀನಿ ಅನ್ನೋದು ನನ್ ಸೀಕ್ರೆಟ್ಟು. ಫೈಬರ್ ಹುಡುಗ ಈಗ ಅವನ ಮನೆಗೂ ಹಾಕ್ಕೊಡಿ ಅಂತಿದಾನೆ, 500 ರೂಪಾಯಿ ಕೇಳಿದೀನಿ.