ಅಡಿಕೆ ಮರಕ್ಕೆ ತಂತಿ, ಮೇಜಿನ ಮೇಲೆ ಶಾರ್ಟ್‌ವೇವ್

ಮನೆಯಲ್ಲೇ ಜೋಡಿಸುವ ರೇಡಿಯೋ ಕಿಟ್ ಬಂದ ಸಂಜೆಯೇ ಎಲ್ಲ ಬಿಡಿಭಾಗಗಳಿಗೂ ಬೆಸುಗೆ ಹಾಕಿ ಮುಗಿಸಬೇಡಿ. ನಾನು ಹಾಗೇ ಮಾಡಿದ್ದೆ. ಸ್ವಿಚ್ ಹಾಕಿದರೆ ಉಸಿರೇ ಇಲ್ಲ. ತಪ್ಪು ಹುಡುಕಲು ನಾಲ್ಕು ದಿನ ಬೇಕಾಯಿತು.

ನನ್ನದು ಡೈರೆಕ್ಟ್ ಕನ್ವರ್ಶನ್ ಕಿಟ್. ಅದರಲ್ಲಿ ಎರಡೇ ಐಸಿ, ಅಂದರೆ ಚಿಪ್. ಎಸ್‌ಎ612 ಆಂಟೆನಾದ ಸಿಗ್ನಲ್ಲಿಗೆ ತನ್ನ ಆಸಿಲೇಟರ್ (ಒಳಗೇ ಅಲೆ ಹುಟ್ಟಿಸುವ ಭಾಗ) ಸಿಗ್ನಲ್ ಬೆರೆಸುತ್ತದೆ. ಎರಡರ ವ್ಯತ್ಯಾಸವೇ ನಮಗೆ ಕೇಳುವ ಧ್ವನಿ. ಅದನ್ನು ಜೋರು ಮಾಡುವುದು ಎಲ್‌ಎಂ386. ಬ್ಯಾಂಡ್ 7.0ರಿಂದ 7.2 ಮೆಗಾಹರ್ಟ್ಸ್. ನಮ್ಮ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಬೆಳಗ್ಗೆ ಹರಟುವುದು ಇಲ್ಲೇ.

ಸ್ಪೀಕರ್ ಕಡೆಯಿಂದ ಶುರು ಮಾಡಿ. ಮೊದಲು 386ರ ಭಾಗ. ಬ್ಯಾಟರಿ ಕೊಟ್ಟು ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಬೆರಳು ಮುಟ್ಟಿಸಿ. ಗುಂಯ್ ಅಂದರೆ ಅಷ್ಟರ ಮಟ್ಟಿಗೆ ಸರಿ. 612ಕ್ಕೆ ಮಾತ್ರ ನೇರ 9 ವೋಲ್ಟ್ ಬೇಡ. 8ರ ಮೇಲೆ ಅದಕ್ಕೆ ಆಗಿಬರುವುದಿಲ್ಲ. ನಡುವೆ ಅದನ್ನು 5 ವೋಲ್ಟಿಗೆ ಇಳಿಸುವ 78ಎಲ್05 ರೆಗ್ಯುಲೇಟರ್ ಇರಲಿ.

ಈಗ ಕಾಯಿಲ್. ಟಿ50-2 ಅನ್ನೋ ಕೆಂಪು ಉಂಗುರಕ್ಕೆ 30 ಸುತ್ತು. ಎರಡು ಅಡಿ ತಂತಿ ಸಾಕು. ಉಂಗುರದ ಒಳಗೆ ತಂತಿ ಎಷ್ಟು ಸಲ ತೂರಿತೋ ಅಷ್ಟು ಸುತ್ತು. ಹೊರಗಿನಿಂದ ಎಣಿಸಿದರೆ ಒಂದು ತಪ್ಪೇ ತಪ್ಪುತ್ತೆ. ಇದು ಸುಮಾರು 4.4 ಮೈಕ್ರೋಹೆನ್ರಿ. ಜೊತೆಗೆ 115 ಪಿಕೋಫ್ಯಾರಡ್ ಕೆಪಾಸಿಟರ್ ಸೇರಿದರೆ 7.1 ಮೆಗಾಹರ್ಟ್ಸ್ ಹತ್ತಿರ ನಿಲ್ಲುತ್ತದೆ. ತಂತಿಯ ತುದಿಯ ಎನಾಮೆಲ್ಲನ್ನು ಬ್ಲೇಡಿನಿಂದ ಕೆರೆಯಿರಿ, ತಾಮ್ರ ಹೊಳೆಯಬೇಕು. ನನ್ನ ನಾಲ್ಕು ದಿನ ನುಂಗಿದ್ದು ಇದೇ! ಬೆಸುಗೆ ಕೂತ ಹಾಗೆ ಕಾಣುತ್ತಿತ್ತು, ಒಳಗೆ ಮಾತ್ರ ಸಂಪರ್ಕವೇ ಇರಲಿಲ್ಲ.

ಆಸಿಲೇಟರ್ ಎಲ್ಲಿದೆ ಅಂತ ನೋಡಲು ದುಬಾರಿ ಮೀಟರ್ ಬೇಕಿಲ್ಲ. ಮಾಮೂಲಿ ಶಾರ್ಟ್‌ವೇವ್ ರೇಡಿಯೋವನ್ನು 7.1ಕ್ಕೆ ಇಟ್ಟು ಪಕ್ಕದಲ್ಲಿ ಕೂರಿಸಿ. ಕಿಟ್ಟಿನ ಗ್ಯಾಂಗ್ (ಸ್ಟೇಷನ್ ಹುಡುಕುವ ಕೆಪಾಸಿಟರ್) ತಿರುಗಿಸುತ್ತಾ ಹೋಗಿ. ರೇಡಿಯೋದ ಸೊರ್ ಸದ್ದು ತಟ್ಟನೆ ಅಡಗಿತಾ? ಅದೇ 7.1. ಬೇರೆ ಜಾಗದಲ್ಲಿ ಸಿಕ್ಕಿದರೆ ಆಸಿಲೇಟರ್ ಕಾಯಿಲಿನ ಸುತ್ತುಗಳನ್ನು ಸರಿಸಿ. ಒತ್ತಾಗಿಸಿದರೆ ಫ್ರೀಕ್ವೆನ್ಸಿ ಇಳಿಯುತ್ತದೆ, ಬಿಡಿಸಿದರೆ ಏರುತ್ತದೆ. ಕೈ ಹತ್ತಿರ ತಂದರೆ ಸ್ಟೇಷನ್ ಓಡಿಹೋಗುತ್ತಿದ್ದರೆ ತಗಡಿನ ಬಿಸ್ಕತ್ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಯನ್ನು ಗ್ರೌಂಡಿಗೆ ಜೋಡಿಸಿ.

ಆಂಟೆನಾಕ್ಕೆ 10 ಮೀಟರ್ ತಂತಿ ಸಾಕು. ನಮ್ಮದು ಶಿರಸಿ ಕಡೆಯ ತೋಟ. ಕೊನೆಗೌಡ ಅಡಿಕೆ ಕೊಯ್ಯಲು ಮರ ಹತ್ತಿದಾಗ ತಂತಿಯನ್ನೂ ಕಟ್ಟಿಸಿದೆ. ಗಾಳಿಗೆ ಮರ ತೂಗುತ್ತದೆ, ಬಿಗಿಯಾಗಿ ಕಟ್ಟಿದ್ದು ಎರಡೇ ವಾರಕ್ಕೆ ಹರಿಯಿತು. ಈಗ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ಕಲ್ಲು ತೂಗುಬಿಟ್ಟಿದ್ದೇನೆ. ಅರ್ತಿಂಗಿಗೆ ಮರದ ಬುಡದ ಒದ್ದೆ ಮಣ್ಣಲ್ಲಿ ಕಬ್ಬಿಣದ ಸರಳು. ಗುಡುಗಿನ ಮಾತು ಬಂದರೆ ತಂತಿ ಕಳಚಿ ಮನೆಯ ಹೊರಗೇ ಹಾಕಿ. ಇದರಲ್ಲಿ ಉದಾಸೀನ ಬೇಡ.

ಟ್ಯೂನಿಂಗ್ ಗುಂಡಿಯನ್ನು ಕೂದಲೆಳೆಯಷ್ಟೇ ತಿರುಗಿಸಿ. ಮೊದಲು ಬಾತುಕೋಳಿ ಮಾತಾಡಿದ ಹಾಗೆ ಕೇಳುತ್ತದೆ, ಇನ್ನೊಂಚೂರು ಸರಿಸಿದರೆ ಮನುಷ್ಯರ ದನಿ. ಪ್ರಸಾರ ಕೇಂದ್ರಗಳು ಎಲ್ಲೆಡೆ ಹಬ್ಬಿಕೊಂಡರೆ ಆಂಟೆನಾ ಬಾಯಲ್ಲಿ 1ಕೆ ಪಾಟ್ (ವಾಲ್ಯೂಮ್ ಕಂಟ್ರೋಲಿನಂಥದೇ ತಿರುಗಿಸುವ ರೆಸಿಸ್ಟರ್) ಹಾಕಿ ಸಿಗ್ನಲ್ ತಗ್ಗಿಸಿ.

ಬರೀ ಗೊರಗೊರ ಅಂದರೆ ಕಿಟ್ ಬೈಯಬೇಡಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಒಂದೊಂದೇ ಆರಿಸಿ ನೋಡಿ. ನಮ್ಮಲ್ಲಿ ಕರೆಂಟು ಹೋದಾಗಲೇ ರೇಡಿಯೋ ಚೆನ್ನ. ಆದರೆ ಇನ್ವರ್ಟರನ್ನೂ ಆರಿಸಬೇಕಲ್ವಾ, ಆಗ ಅಡುಗೆಮನೆಯಿಂದ ಬರುವ ಸದ್ದಿಗೆ ನನ್ನ ಹತ್ತಿರ ಫಿಲ್ಟರ್ ಇಲ್ಲ.